ಸ್ಟೀರಿಂಗ್ ಹಿಡಿದ ಮಗ

ವಿವಾಹವಿಚ್ಛೇದನದ ನಂತರ ಲೇಖನಿಯನ್ನೇ ನೆಚ್ಚಿದ್ದ ಎಮಿಲಿ ಪೋಸ್ಟ್ 1915ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಕಾರಿನಲ್ಲಿ ಹೊರಟರು. ಅಲ್ಲಿನ ಪನಾಮಾ-ಪೆಸಿಫಿಕ್ ಪ್ರದರ್ಶನ ಒಂದು ನೆಪ; ‘ಕೋಲಿಯರ್ಸ್’ ಪತ್ರಿಕೆಗೆ ಪ್ರವಾಸಕಥನ ಬರೆಯಬೇಕಿತ್ತು. ಜೊತೆಗೆ ಬಂಧುವೊಬ್ಬಾಕೆ. ಕಾರು ನಡೆಸಿದವನು ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಮಗ ಎಡ್ವಿನ್.

ಲಿಂಕನ್ ಹೆದ್ದಾರಿ 1913ರಲ್ಲೇ ಘೋಷಣೆಯಾಗಿತ್ತು, ನಿಜ. ಹೆದ್ದಾರಿಯೆಂಬುದು ಹೆಸರಿಗಷ್ಟೇ, ಬಹುಭಾಗ ಮಣ್ಣುದಾರಿ, ಮಳೆ ಬಿದ್ದರೆ ಕೆಸರು. ನೆಲಕ್ಕೆ ತಗ್ಗಿದ ಅವರ ಯುರೋಪಿನ ಕಾರು ಅದಕ್ಕೆ ತಕ್ಕುದಲ್ಲ. ಅರಿಜೋನಾದಲ್ಲಿ ಅದನ್ನು ರೈಲಿಗೇರಿಸಬೇಕಾಯಿತು. ಇದನ್ನು ಸೋಲೆನ್ನಲಾರೆ, ಆ ಕಾಲದ ರಸ್ತೆಯ ನಿಜಸ್ಥಿತಿಗೆ ಇದಕ್ಕಿಂತ ಪ್ರಾಮಾಣಿಕ ಸಾಕ್ಷ್ಯವಿಲ್ಲ.

1916ರಲ್ಲಿ ಪುಸ್ತಕ ತಾಯಿಯ ಹೆಸರಿನಲ್ಲಿ ಬಂತು. ಹಗಲಿಡೀ ಸ್ಟೀರಿಂಗ್ ಹಿಡಿದವನು ಅದರಲ್ಲೊಂದು ಪಾತ್ರ ಮಾತ್ರ. 1922ರ ಶಿಷ್ಟಾಚಾರ ಗ್ರಂಥದಿಂದ ಮನೆಮಾತಾದ ಎಮಿಲಿ 1960ರಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಪ್ರಕಟವಾಯಿತು. ಬರೆದದ್ದು ಎಡ್ವಿನ್.