ಅಚ್ಛಪಿತ್ತ ಎಲ್ಲಿಯದು? ಗ್ರಹಣೀ ಅಧ್ಯಾಯದ ಒಂದು ಪದದ ವಿಚಾರ

ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯದಲ್ಲಿ ಬರುವ ‘ಅಚ್ಛಪಿತ್ತ’ವೆಂದರೆ ಜಠರದ ಹೈಡ್ರೋಕ್ಲೋರಿಕ್ ಆಮ್ಲ, ಅಂದರೆ ವಿಲಿಯಂ ಪ್ರೌಟ್ 1824ರಲ್ಲಿ ಗುರುತಿಸಿ ಪ್ರಕಟಿಸಿದ್ದು, ಎಂದು ನನ್ನ ಗುರುಗಳು ಪಾಠ ಹೇಳುತ್ತಿದ್ದರು. ನನಗೆ ಚರಕವನ್ನು ಓದಲು ಕಲಿಸಿದವರೇ ಅವರು. ಆ ಋಣವನ್ನು ನೆನೆದೇ ಹೇಳುತ್ತೇನೆ, ಈ ಸಮೀಕರಣ ನಿಲ್ಲದು. ಅವರ ತರ್ಕ ಇಷ್ಟು: ‘ಅಚ್ಛ’ವೆಂದರೆ ತಿಳಿ; ಯಕೃತ್ತಿನ ಪಿತ್ತರಸ ಹಳದಿ ಹಸಿರು; ಜಠರರಸಕ್ಕೆ ಬಣ್ಣವಿಲ್ಲ; ಆದ್ದರಿಂದ ಇದು ಜಠರರಸವೇ.

ಮೊದಲು ಪದವನ್ನು ನೋಡೋಣ. ತಿಳಿಸಾರಿಗೆ ಬಣ್ಣವಿಲ್ಲವೇ? ತಿಳಿಯೆಂದರೆ ಗಸಿಯಿಲ್ಲದ್ದು. ಇದು ಕನ್ನಡದ ಕಿವಿಯ ಸಾಕ್ಷಿ ಮಾತ್ರ ಎನ್ನುವವರು ಸೂತ್ರಸ್ಥಾನದ 13ನೆಯ ಅಧ್ಯಾಯವನ್ನು ತೆರೆಯಲಿ. ಬೇರೇನೂ ಬೆರೆಸದೆ ಕುಡಿಯುವ ತುಪ್ಪ, ಎಣ್ಣೆಗಳಿಗೆ ಅಲ್ಲಿ ‘ಅಚ್ಛಪೇಯ’ವೆಂದೇ ಹೆಸರು. ಹಸುವಿನ ತುಪ್ಪ ಯಾವ ಬಣ್ಣದ್ದೆಂದು ಹೇಳಬೇಕಾಗಿಲ್ಲ.

ಪದಕ್ಕಿಂತ ಮುಖ್ಯವಾದದ್ದು ಕ್ರಮ. ಉಂಡ ಅನ್ನ ಮೊದಲು ಸಿಹಿಯಾಗಿ ನೊರೆಯಂಥ ಕಫ ಹುಟ್ಟುತ್ತದೆ. ಆಮೇಲೆ ಅರೆಪಕ್ವವಾದದ್ದು ಹುಳಿಯಾಗುತ್ತದೆ. ಅದು ಆಮಾಶಯದಿಂದ ಕೆಳಕ್ಕೆ ಜಾರುವಾಗ ಅಚ್ಛಪಿತ್ತ ಹೊಮ್ಮುತ್ತದೆ. ಇಲ್ಲಿ ಹುಳಿ ಅನ್ನದ ಅವಸ್ಥೆ. ಪಿತ್ತದ ಪ್ರವೇಶ ಅದರ ಬಳಿಕ, ಅದೂ ಹೊರಬೀಳುವ ಹಾದಿಯಲ್ಲಿ. ಪಿತ್ತವೇ ಆಮ್ಲವಾಗಿದ್ದರೆ ಹುಳಿಗಿಂತ ಮೊದಲು ಬರಬೇಕಿತ್ತು. ಆಮಾಶಯ, ಪಕ್ವಾಶಯಗಳ ನಡುವಿನ ಪಿತ್ತಧರಾ ಕಲೆಯೇ ಗ್ರಹಣಿ ಎನ್ನುವ ಸುಶ್ರುತವೂ ನಮ್ಮನ್ನು ಇದೇ ಜಾಗಕ್ಕೆ ತಂದು ನಿಲ್ಲಿಸುತ್ತದೆ.

ಯಾರೂ ಕಣ್ಣೆತ್ತಿ ನೋಡದ ಸಾಕ್ಷಿ ಸಿದ್ಧಿಸ್ಥಾನದ ಮೊದಲ ಅಧ್ಯಾಯದಲ್ಲಿದೆ. ವಮನ ಸರಿಯಾಯಿತೆನ್ನಬೇಕಾದರೆ ಅದು ಪಿತ್ತದಲ್ಲಿ ಮುಗಿಯಬೇಕು ಎನ್ನುತ್ತದೆ ಆ ವಿಧಿ. ಪಾತ್ರೆಯ ಪಕ್ಕ ಕೂತ ವೈದ್ಯ ಮೊದಲು ಲೋಳೆಯ ಕಫವನ್ನು ಕಾಣುತ್ತಾನೆ. ಹೊಟ್ಟೆ ಬರಿದಾದ ಮೇಲೆ ಕಹಿ ಹಳದಿ ನೀರು ಮೇಲೇರುತ್ತದೆ. ಇದು ಸಣ್ಣ ಕರುಳಿನ ಮೊದಲ ಭಾಗದಿಂದ ಹಿಮ್ಮರಳಿದ ಪಿತ್ತರಸ. ಕೊನೆಗೆ ಬಂದದ್ದು ಆಚೆ ಇತ್ತೆಂದು ಅವನು ಊಹಿಸಿದ್ದರೆ ಅಚ್ಚರಿಯಿಲ್ಲ.

ಸೂತ್ರಸ್ಥಾನದ 20ನೆಯ ಅಧ್ಯಾಯ ಆಮಾಶಯವನ್ನೇ ಪಿತ್ತದ ವಿಶೇಷ ಸ್ಥಾನ ಎನ್ನುತ್ತದಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಸಿದ್ಧಿಸ್ಥಾನ ದೃಢಬಲನು ಪೂರೈಸಿದ್ದು; ಗ್ರಹಣೀ ಅಧ್ಯಾಯವೂ ಅವನದೆಂದು ಬಹುಜನರ ಪಕ್ಷ (ಅವನ 17 ಚಿಕಿತ್ಸಾಧ್ಯಾಯಗಳು ಯಾವುವೆಂಬ ಜಗಳ ಇನ್ನೂ ತೀರಿಲ್ಲ; ನಾನು ಬಹುಜನರ ಕಡೆ). ಹಾಗಿದ್ದರೆ ನಮ್ಮ ಎರಡೂ ಸಾಕ್ಷಿಗಳು ಒಂದೇ ಕೈಯವು, ಆಕ್ಷೇಪದ ವಾಕ್ಯ ಬೇರೆ ಕೈಯದು. ಎರಡನ್ನೂ ಒಂದೇ ಮಾತೆಂದು ಹೊಲಿಯುವುದು ಟೀಕಾಕಾರರ ಕೆಲಸ, ಇತಿಹಾಸಕಾರನದಲ್ಲ.

ಇನ್ನೊಂದು ಕಡೆಯವರಿಗೂ ಒಂದು ಮಾತು. ಕರುಳಿಗೆ ಹುಳಿ ತಾಗಿದರೆ ಸೆಕ್ರೆಟಿನ್ ಹುಟ್ಟಿ ಮೇದೋಜೀರಕ ಗ್ರಂಥಿಯಿಂದ ರಸ ಹರಿಯುತ್ತದೆಂದು ಬೇಲಿಸ್ ಮತ್ತು ಸ್ಟಾರ್ಲಿಂಗ್ 1902ರಲ್ಲಿ ತೋರಿಸಿದರು. ಆ ರಸವೂ ತಿಳಿಯೇ. ಹಾಗೆಂದು ದೃಢಬಲನಿಗೆ ಸೆಕ್ರೆಟಿನ್ ಗೊತ್ತಿತ್ತೆಂದು ಕುಣಿಯುವವರ ಜೊತೆ ನನ್ನನ್ನು ಸೇರಿಸಬೇಡಿ. ಗ್ರಂಥಿಯನ್ನು ಅವನು ಹೆಸರಿಸಿಲ್ಲ. ಅನ್ನ ಯಾವಾಗ ಹುಳಿಯಾಯಿತು, ಪಿತ್ತ ಯಾವಾಗ ಬಂತು ಎಂಬುದನ್ನು ಬರೆದಿಟ್ಟಿದ್ದಾನೆ. ಅನುವಾದದಲ್ಲಿ ‘ಪಿತ್ತ’ ಪಿತ್ತವಾಗಿಯೇ ಉಳಿಯಲಿ. ಆಮ್ಲವೆಂದು ಬರೆದ ಕೂಡಲೇ ಆ ಹಿಂದುಮುಂದು ಅಳಿಸಿಹೋಗುತ್ತದೆ.