ಅಡುಗೆಮನೆ ಮೇಜಿನ ಸುತ್ತ ಐದು ಹೆಂಗಸರು

ಇವತ್ತು ದುಡ್ಡಿನ ವಿಷಯ. ಮಹಿಳಾ ಚಳವಳಿಯ ಇತಿಹಾಸ ಅಂದ್ರೆ ನಾವು ಮೆರವಣಿಗೆ, ಭಾಷಣ, ಕಾನೂನು ಅಂತ ಹೇಳ್ತೀವಿ. ಆ ಮೆರವಣಿಗೆಯ ಕರಪತ್ರ ಅಚ್ಚು ಹಾಕಿಸೋಕೆ ದುಡ್ಡು ಎಲ್ಲಿಂದ ಬಂತು? ನಾನೂ ಬಹಳ ಕಾಲ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

1983, ಆಮ್‌ಸ್ಟರ್‌ಡ್ಯಾಮ್. ಮರ್ಯಾನ್ ಸಾಕ್ಸ್ ಎಂಬ ಹೋರಾಟಗಾರ್ತಿಗೆ ಮನೆತನದಿಂದ ದೊಡ್ಡ ಆಸ್ತಿ ಬಂದಿತ್ತು. ತಮ್ಮದೇ ಹೆಸರಿನ ಟ್ರಸ್ಟ್ ಮಾಡಿ, ಇಷ್ಟ ಬಂದವರಿಗೆ ಹಂಚಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಇನ್ನೂ ನಾಲ್ವರ ಜೊತೆ ಅಡುಗೆಮನೆ ಮೇಜಿನ ಸುತ್ತ ಕೂತರು. ಅವರಲ್ಲಿ ಒಬ್ಬರು ತಾನ್ಯಾ ಲಿಯೋನ್, ದಕ್ಷಿಣ ಆಫ್ರಿಕಾದವರು, ವರ್ಣಭೇದದ ವಿರುದ್ಧ ಹೋರಾಡಿದವರು. ಹುಟ್ಟಿದ ನಿಧಿಯ ಹೆಸರು ‘ಮಾಮಾ ಕ್ಯಾಶ್’. ನಮ್ಮ ಕಿವಿಗೆ ಸೋದರಮಾವನ ಹಾಗೆ ಕೇಳಿಸುತ್ತೆ, ಆದರೆ ಡಚ್ಚರಿಗೆ ಮಾಮಾ ಅಂದ್ರೆ ಅಮ್ಮ! ಸಾಕ್ಸ್ ತಮ್ಮ ದುಡ್ಡನ್ನ ನಿಧಿಗೆ ಸಾಲವಾಗಿ ಕೊಟ್ಟರು. ಅದರಿಂದ ಬಂದ ಆದಾಯದಲ್ಲಿ ಕೆಲಸ ಶುರುವಾಯ್ತು. ಯಾರಿಗೆ ಕೊಡಬೇಕು ಅನ್ನೋದು ಮಾತ್ರ ಒಬ್ಬರ ತೀರ್ಮಾನ ಆಗಿರಲಿಲ್ಲ.

ಆ ದೇಶದ ಹಿನ್ನೆಲೆ ನೋಡಿ. ನೆದರ್‌ಲೆಂಡ್ಸ್‌ನಲ್ಲಿ ಮದುವೆಯಾದ ಹೆಂಗಸು ಕಾನೂನಿನ ಪ್ರಕಾರ ಸ್ವಂತವಾಗಿ ವ್ಯವಹಾರ ಮಾಡುವ ಹಾಗಿರಲಿಲ್ಲ, ಗಂಡನ ಒಪ್ಪಿಗೆ ಬೇಕಿತ್ತು. ಆ ಕಾನೂನು ಬದಲಾಗಿದ್ದು 1956ರಲ್ಲಿ. ಕಾನೂನು ಹೋಯ್ತು, ಬ್ಯಾಂಕಿನವರ ಅನುಮಾನ ಹೋಗಬೇಕಲ್ಲ! ಹಾಗಾಗಿ ಮಾಮಾ ಕ್ಯಾಶ್ ಅನುದಾನ ಕೊಡೋದರ ಜೊತೆಗೆ ಇನ್ನೊಂದು ಕೆಲಸ ಮಾಡಿತು: ಸ್ವಂತ ಉದ್ಯಮ ಶುರು ಮಾಡುವ ಹೆಂಗಸರಿಗೆ ಬ್ಯಾಂಕಿನಲ್ಲಿ ಜಾಮೀನು ನಿಂತಿತು. ಜಾಮೀನು ನಿಲ್ಲೋದು ಎಂಥ ನಂಬಿಕೆಯ ಕೆಲಸ ಅನ್ನೋದು ನಮ್ಮಲ್ಲಿ ಕೈ ಸುಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತು.

ಸಾಮಾನ್ಯವಾಗಿ ದಾನಿಗಳು ‘ಪ್ರಾಜೆಕ್ಟ್’ಗೆ ಕೊಡ್ತಾರೆ. ಇಷ್ಟು ತರಬೇತಿ, ಇಷ್ಟು ಜನ, ಇಷ್ಟು ತಿಂಗಳಲ್ಲಿ ವರದಿ. ಆಫೀಸಿನ ಬಾಡಿಗೆ, ಕೋರ್ಟಿಗೆ ಓಡಾಡುವ ಬಸ್ ಚಾರ್ಜು ಯಾವ ಕಾಲಮ್ಮಿಗೂ ಸೇರೋದಿಲ್ಲ. ನೋಂದಣಿ ಇಲ್ಲದ ಸಣ್ಣ ಗುಂಪಿಗಂತೂ ಬಾಗಿಲೇ ಇಲ್ಲ. ಮಹಿಳಾ ನಿಧಿಗಳು ಈ ಕ್ರಮವನ್ನೇ ಪ್ರಶ್ನಿಸಿದವು. ಹಾಗಾದರೆ ಲೆಕ್ಕ ಬೇಡವಾ? ಬೇಕು. ಪುಣೆ, ಮುಂಬೈಯ ಭಿಶಿ, ನಮ್ಮ ಚೀಟಿ, ಇವೂ ನಂಬಿಕೆಯ ಮೇಲೇ ನಡೆಯೋದು, ಅಲ್ಲೂ ಪೈಸೆ ಪೈಸೆ ಲೆಕ್ಕ ಇರುತ್ತೆ. ಆದರೆ ನಿಮ್ಮ ಕಂತಿನ ದುಡ್ಡಲ್ಲಿ ಏನು ಕೊಳ್ಳಬೇಕು ಅಂತ ಚೀಟಿ ನಡೆಸುವವರು ಹೇಳೋದಿಲ್ಲ.

ಆದರೂ ನನಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಯುರೋಪಿನ ಆಸ್ತಿವಂತರು ಎಷ್ಟೇ ಒಳ್ಳೆಯವರಾದರೂ, ಕೊಡುವ ಕೈ ಮೇಲೇ ಅಲ್ವಾ?

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ನೇಪಾಳದಲ್ಲಿ. 1990ರ ದಶಕದ ಮಧ್ಯದಲ್ಲಿ ರೀತಾ ಥಾಪಾ ಅಲ್ಲಿ ‘ಟೇವಾ’ ಎಂಬ ಮಹಿಳಾ ನಿಧಿ ಕಟ್ಟಿದರು. ಟೇವಾ ಅಂದ್ರೆ ಆಸರೆ. ವಿದೇಶಿ ನೆರವಿಗೆ ಒಗ್ಗಿಹೋಗಿದ್ದ ದೇಶದಲ್ಲಿ ಅವರು ಒಂದು ನಿಯಮ ಹಾಕಿಕೊಂಡರು: ಹೊರಗಿನ ದುಡ್ಡು ಸಂಸ್ಥೆಯ ಬೇರೆ ಖರ್ಚಿಗಾಗಲಿ, ಹಳ್ಳಿಯ ಹೆಂಗಸರ ಗುಂಪುಗಳಿಗೆ ಕೊಡುವ ಅನುದಾನ ಮಾತ್ರ ನೇಪಾಳಿಗಳೇ ಕೊಟ್ಟ ದುಡ್ಡಾಗಿರಬೇಕು. ಅದಕ್ಕಾಗಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟರು. ಯಾವುದರಲ್ಲಿ ಅಂತೀರಿ? ತಮ್ಮವರ ಮುಂದೆ ನಿಂತು, ನಾಚಿಕೊಳ್ಳದೆ ದುಡ್ಡು ಕೇಳೋದರಲ್ಲಿ.