ಅಂಗವಿಕಲರ ಪಿಂಚಣಿ ಮತ್ತು ಸದರಂ (ಅಗಳಿ ಸೀಮೆ)

ಆಂಧ್ರಪ್ರದೇಶದ ಕನ್ನಡ ಗಡಿಭಾಗದಲ್ಲಿ ಅಂಗವಿಕಲರಿಗೆ ದೊರೆಯುವ ಮಾಸಿಕ ಪಿಂಚಣಿ, ಅದಕ್ಕೆ ಬೇಕಾದ ವೈದ್ಯಕೀಯ ತಪಾಸಣೆ ಮತ್ತು ಉದ್ಯೋಗ ನೆರವಿನ ಚರಿತ್ರೆ. ಮಡಕಶಿರಾ ಭಾಗದ ಅಗಳಿ ಮಂಡಲ 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಇದೇ ಗಡಿಭಾಗದ ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಹಳೆಯ ಅಂಕಿಅಂಶಗಳಲ್ಲಿ ಇವೆರಡೂ ಒಂದೇ ಜಿಲ್ಲೆಯ ಲೆಕ್ಕದಲ್ಲಿವೆ.

ಕಾನೂನು: ಅಂಗವಿಕಲರಿಗಾಗಿ ಕೇಂದ್ರ ತಂದ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ನೌಕರಿಯಲ್ಲಿ ಶೇ. 3 ಮೀಸಲು ನೀಡಿತು. 2016ರ ಕಾಯ್ದೆ ಅವನ್ನು 21ಕ್ಕೂ ಶೇ. 4ಕ್ಕೂ ಏರಿಸಿತು.

ಸದರಂ: ಈ ಹೆಸರಿನ ಸುತ್ತ ಗೊಂದಲ ಹೆಚ್ಚು. ಇದು ಕಾಯ್ದೆಯಲ್ಲ, ಪಿಂಚಣಿ ಯೋಜನೆಯೂ ಅಲ್ಲ; ವೈಕಲ್ಯದ ಪ್ರಮಾಣವನ್ನು ದಾಖಲಿಸಲು ಅವಿಭಜಿತ ಆಂಧ್ರ ರೂಪಿಸಿದ ತಂತ್ರಾಂಶ. ಜನರ ಬಾಯಲ್ಲಿ ಮಾತ್ರ ತಪಾಸಣಾ ಶಿಬಿರವೂ 'ಸದರಂ', ಅಲ್ಲಿ ಸಿಗುವ ಸರ್ಟಿಫಿಕೇಟೂ 'ಸದರಂ'. ಅದರಲ್ಲಿ ಬರೆಯುವ ಶೇಕಡಾವಾರು ದೇಹದ ಊನದ ಅಳತೆ. ದುಡಿಯುವ ಶಕ್ತಿಯ ಅಳತೆಯಲ್ಲ. ಸರ್ಟಿಫಿಕೇಟ್ ಸಿಕ್ಕ ಮಾತ್ರಕ್ಕೆ ಪಿಂಚಣಿ ಮಂಜೂರಾಗುವುದಿಲ್ಲ, ಶೇ. 40 ಮುಟ್ಟಿರಬೇಕು, ಅರ್ಜಿಯನ್ನು ಬೇರೆಯಾಗಿ ಹಾಕಬೇಕು.

ಮೊತ್ತ: 2014ರ ಅಕ್ಟೋಬರ್‌ವರೆಗೆ ತಿಂಗಳಿಗೆ 500 ರೂಪಾಯಿ ಇತ್ತು. ಆಮೇಲೆ ಶೇ. 80 ಮತ್ತು ಅದಕ್ಕೂ ಹೆಚ್ಚು ವೈಕಲ್ಯವಿದ್ದವರಿಗೆ 1,500, ಉಳಿದವರಿಗೆ 1,000 ಆಯಿತು. 2019ರಲ್ಲಿ 3,000ಕ್ಕೆ, 2024ರ ಜುಲೈಯಲ್ಲಿ 6,000ಕ್ಕೆ ಏರಿತು. ಹಾಸಿಗೆ ಹಿಡಿದವರಿಗೆ, ಗಾಲಿಕುರ್ಚಿಯಲ್ಲೇ ಇರುವ ಪೂರ್ಣ ಅಂಗವಿಕಲರಿಗೆ 15,000. 2020ರ ಫೆಬ್ರವರಿಯಿಂದ ಸರ್ಕಾರ ನೇಮಿಸಿದ ಗ್ರಾಮ ವಾಲಂಟಿಯರ್‌ಗಳು ಮನೆಬಾಗಿಲಿಗೇ ಹಣ ತಂದುಕೊಡುತ್ತಿದ್ದರು. 2024ರ ಚುನಾವಣೆಯ ಬಳಿಕ ಆ ಕೆಲಸ ಗ್ರಾಮ ಸಚಿವಾಲಯದ ನೌಕರರದಾಯಿತು.

ಮರುತಪಾಸಣೆ: ಮೊತ್ತ ಏರಿದಂತೆ ಅನರ್ಹರ ಪ್ರಶ್ನೆ ಎದ್ದಿತು. 2025ರಲ್ಲಿ ಸರ್ಕಾರ ರಾಜ್ಯಾದ್ಯಂತ ಮರುತಪಾಸಣೆ ನಡೆಸಿ, ಶೇ. 40ಕ್ಕಿಂತ ಕಡಿಮೆ ಎಂದು ಕಂಡವರಿಗೆ ಆಗಸ್ಟ್‌ನಲ್ಲಿ ನೋಟಿಸ್ ಕೊಟ್ಟಿತು. ನಿಜವಾದ ಅಂಗವಿಕಲರಿಗೂ ನೋಟಿಸ್ ಬಂದಿದೆ ಎಂಬ ಪ್ರತಿಭಟನೆಯ ನಂತರ ಮೇಲ್ಮನವಿಗೆ ಅವಕಾಶ ಸಿಕ್ಕಿತು. 2016ರ ಕಾಯ್ದೆಯಲ್ಲೂ ಸರ್ಟಿಫಿಕೇಟ್ ವಿರುದ್ಧ ಮೇಲ್ಮನವಿಯ ಹಕ್ಕಿದೆ.

ಕೆಲಸ: ಉದ್ಯೋಗ ಖಾತರಿ ಯೋಜನೆಗೆ 2006ರ ಫೆಬ್ರವರಿ 2ರಂದು ಚಾಲನೆ ಸಿಕ್ಕಿದ್ದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲೇ. ಆಂಧ್ರದಲ್ಲಿ ಅದರಡಿ ಅಂಗವಿಕಲ ಕೂಲಿಗಳಿಗೆ ಪ್ರತ್ಯೇಕ ಶ್ರಮಶಕ್ತಿ ಸಂಘಗಳು ರಚನೆಯಾದವು. ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕೂಡ ಹಳ್ಳಿಗಳಲ್ಲಿ ಅಂಗವಿಕಲರ ಸಂಘಗಳನ್ನು ಬೆಳೆಸಿತು.

ಗಡಿಯ ಆಚೆ: ಪಕ್ಕದ ಶಿರಾ, ಪಾವಗಡ ತಾಲೂಕುಗಳಲ್ಲಿ ಕರ್ನಾಟಕದ ನಿಯಮ ಬೇರೆ; ಅಲ್ಲಿ ಹೆಚ್ಚಿನ ಮಾಸಾಶನದ ಗೆರೆ ಶೇ. 75, ಮೊತ್ತ 1,400 ರೂಪಾಯಿ. ವೈಕಲ್ಯದ ಸರ್ಟಿಫಿಕೇಟ್ ದೇಶದಲ್ಲೆಲ್ಲ ಊರ್ಜಿತ. ಪಿಂಚಣಿ ಆಯಾ ರಾಜ್ಯದ್ದಾದ್ದರಿಂದ, ಮದುವೆಯಾಗಿ ಗಡಿ ದಾಟಿದವರು ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ.